ಜಿಲ್ಲಾ ಪಂಚಾಯಿತಿ ಚುನಾವಣೆ ಎಲ್ಲಿ ಸಿಕ್ಕಿಹಾಕಿಕೊಂಡಿತು?

2021ರಲ್ಲೇ ನಡೆಯಬೇಕಿದ್ದ ಜಿಲ್ಲಾ ಪಂಚಾಯಿತಿ ಚುನಾವಣೆ ಯಾವಾಗ ಅಂತ ಚಿಕ್ಕಬಳ್ಳಾಪುರದಲ್ಲಿ ಯಾರನ್ನಾದರೂ ಕೇಳಿ ನೋಡಿ. ಒಬ್ಬರು ಕೋರ್ಟಿನಲ್ಲಿದೆ ಎನ್ನುತ್ತಾರೆ. ಇನ್ನೊಬ್ಬರು ಮೀಸಲಾತಿ ಪಟ್ಟಿ ಬಂದಿಲ್ಲ ಎನ್ನುತ್ತಾರೆ. ಮತ್ತೊಬ್ಬರು ಕ್ಷೇತ್ರ ಮರುವಿಂಗಡಣೆಯ ಮಾತು ತೆಗೆಯುತ್ತಾರೆ. ಮೂರೂ ಒಂದೊಂದು ಕಾಲಕ್ಕೆ ನಿಜವೇ. ಅದಕ್ಕೇ ಈ ವಿಷಯದ ತಲೆಬುಡ ಯಾರಿಗೂ ಸಿಗುತ್ತಿಲ್ಲ. ರಾಜ್ಯಶಾಸ್ತ್ರ ಓದುವ ನಮಗೂ ಇದನ್ನು ಹಿಂದಿನಿಂದ ಬಿಡಿಸಿಕೊಂಡು ಬಂದಾಗಲೇ ಅರ್ಥವಾಗಿದ್ದು.

ಆಳುವವರು ಜನರಿಗೆ ಉತ್ತರ ಕೊಡಬೇಕು ಎನ್ನುವ ಬೇಡಿಕೆ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಆದರೆ ಅಲ್ಲಿ ಅಹವಾಲು ಹೇಳಬಹುದಿತ್ತೇ ಹೊರತು ತೀರ್ಮಾನ ಮಾಡುವ ಹಾಗಿರಲಿಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದರು. ಆ ಚಳವಳಿ ಕೇಳಿದ್ದು ಜವಾಬ್ದಾರಿ ಸರ್ಕಾರವನ್ನು. ಅದು ಸಿಕ್ಕಿದ್ದು 1947ರ ಅಕ್ಟೋಬರ್‌ನಲ್ಲಿ. ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ಕೋಲಾರ ಜಿಲ್ಲೆಯವರು, ಸಂವಿಧಾನ ರಚನಾ ಸಭೆಯಲ್ಲೂ ಕೂತವರು. ಮುಂದೆ ಸಂವಿಧಾನದ 40ನೇ ವಿಧಿ ಗ್ರಾಮ ಪಂಚಾಯಿತಿ ಕಟ್ಟಿ ಎಂದಿತು. ಆದರೆ ಅದು ನಿರ್ದೇಶಕ ತತ್ವ. ಪಾಲಿಸಲಿಲ್ಲ ಅಂತ ಕೋರ್ಟಿಗೆ ಹೋಗುವ ಹಾಗಿಲ್ಲ. ಹಾಗಾಗಿ ಸುಮಾರು ಮೂರು ದಶಕ ಪಂಚಾಯಿತಿಗಳ ಕಥೆ ಸರ್ಕಾರ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವಂತಿತ್ತು.

ಕರ್ನಾಟಕದಲ್ಲಿ ದೊಡ್ಡ ಬದಲಾವಣೆ ಬಂದದ್ದು 1983ರ ಕಾಯ್ದೆಯಿಂದ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವ. ಊರೂರಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎಂದು ಹೆಸರಾದವರು ಅವರೇ. ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರಲ್ಲಿ. ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯಿತಿಯ ಹಿಂದಿನ ರೂಪ) ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು. ಹಿರಿಯ ಐಎಎಸ್ ಅಧಿಕಾರಿಗಳು ಅವರ ಕೈಕೆಳಗೆ ಕೆಲಸ ಮಾಡಿದರು. ಮಹಿಳೆಯರಿಗೆ ಶೇ 25 ಸೀಟು ಮೀಸಲಿಟ್ಟರು. ಇಷ್ಟೆಲ್ಲ ಆಗಿಯೂ 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಮತ್ತೆ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕೂತರು. ಒಳ್ಳೆಯ ಕಾಯ್ದೆ ಇದ್ದರೂ ಅದನ್ನು ಜಾರಿಯಲ್ಲಿಡುವ ಕಟ್ಟುಪಾಡು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಆಗಲೇ ಕಣ್ಣಿಗೆ ಕಂಡಿತ್ತು.

ಆ ಕಟ್ಟುಪಾಡನ್ನು ತಂದಿದ್ದೇ ಸಂವಿಧಾನದ 73ನೇ ತಿದ್ದುಪಡಿ. 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರಲ್ಲಿ 243ಇ ವಿಧಿ ನೇರವಾಗಿದೆ. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನವೂ ಜಾಸ್ತಿ ಇಲ್ಲ. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಚುನಾವಣೆ ನಡೆಸಲು ಪ್ರತ್ಯೇಕ ರಾಜ್ಯ ಚುನಾವಣಾ ಆಯೋಗ. ಇಂಥದ್ದೇ ನಿಯಮವಿರುವ ನಗರಸಭೆಗಳ ಪ್ರಕರಣವೊಂದರಲ್ಲಿ 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನೇ ಗಟ್ಟಿಯಾಗಿ ಹೇಳಿತು. ಸರ್ಕಾರ ಸಹಕಾರ ಕೊಡದಿದ್ದರೆ ಆಯೋಗ ಕೋರ್ಟಿಗೆ ಹೋಗಬಹುದು ಎಂದೂ ಹೇಳಿತು. 2010ರಲ್ಲಿ ಕರ್ನಾಟಕ ಮಹಿಳೆಯರ ಮೀಸಲಾತಿಯನ್ನು ಶೇ 50ಕ್ಕೆ ಏರಿಸಿತು. 1995ರಿಂದ 2016ರವರೆಗೆ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆಗಳು ನಡೆದುಕೊಂಡು ಬಂದವು.

ಗಂಟು ಬಿದ್ದದ್ದು 2021ರಲ್ಲಿ. 2016ರಲ್ಲಿ ಆಯ್ಕೆಯಾದವರ ಅವಧಿ ಮುಗಿಯಿತು. ಕೋವಿಡ್ ಇತ್ತು, ಸ್ವಲ್ಪ ತಡವಾದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಚುನಾವಣಾ ಆಯೋಗ ಕ್ಷೇತ್ರಗಳ ಪಟ್ಟಿ, ಮೀಸಲಾತಿಯ ಕರಡು ಎರಡನ್ನೂ ತಯಾರು ಮಾಡಿತ್ತು. ಅದೇ ವರ್ಷ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿಯಾಗಿ ಆ ಅಧಿಕಾರ ಆಯೋಗದ ಕೈತಪ್ಪಿತು. ಮರುವಿಂಗಡಣೆಗೆಂದೇ ಬೇರೆ ಆಯೋಗ ಬಂತು, ಮಾಡಿದ ಕೆಲಸ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಹಿಂದುಳಿದ ವರ್ಗಗಳಿಗೆ ಸ್ಥಳೀಯ ಸಂಸ್ಥೆಗಳಲ್ಲಿ ಮೀಸಲಾತಿ ಕೊಡಬೇಕಾದರೆ ಮೊದಲು ಆಯೋಗ ನೇಮಿಸಿ, ಅಂಕಿಅಂಶ ಸಂಗ್ರಹಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅದಕ್ಕಾಗಿ 2022ರಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಕೂತಿತು. ರಾಜ್ಯ ಚುನಾವಣಾ ಆಯೋಗ ಹೈಕೋರ್ಟಿಗೆ ಹೋಯಿತು. ತಡ ಮಾಡಿದ್ದಕ್ಕೆ ಹೈಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. 2023ರಲ್ಲಿ ಸರ್ಕಾರ ಬದಲಾಯಿತು. 2024 ಮುಗಿದರೂ ಚುನಾವಣೆ ಬರಲಿಲ್ಲ.

ಇಲ್ಲಿ ಪ್ರತಿಯೊಂದು ಹೆಜ್ಜೆಗೂ ಒಂದು ಕಾರಣವಿದೆ. ಜನಸಂಖ್ಯೆ ಬದಲಾದರೆ ಕ್ಷೇತ್ರ ಬದಲಾಗಬೇಕು, ಸರಿ. ಹಿಂದುಳಿದವರ ಪಾಲು ಉಳಿಯಬೇಕು, ಅದಂತೂ ಬಹಳ ಸರಿ. ಎಲ್ಲವೂ ನಿಯಮದಂತೆಯೇ ನಡೆದಿದೆ, ಚುನಾವಣೆ ಮಾತ್ರ ನಡೆದಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಇದರ ಪರಿಣಾಮ ಊರಲ್ಲಿ ಕಾಣುತ್ತದೆ. ನಮ್ಮ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಶುದ್ಧ ಕುಡಿಯುವ ನೀರಿನ ಘಟಕವೇ ಗತಿ. ನಮ್ಮೂರಿನ ಘಟಕ ಕೆಟ್ಟು ನಿಂತಾಗ ಅರ್ಜಿ ಹಿಡಿದು ತಾಲ್ಲೂಕು ಪಂಚಾಯಿತಿ ಕಚೇರಿಗೆ ಹೋಗಿದ್ದೆವು. ಅಧ್ಯಕ್ಷರ ಕೊಠಡಿಗೆ ಬೀಗ. ಹೊರಗೆ ಗೋಡೆಯ ಮೇಲೆ ಮರದ ಬೋರ್ಡು, ಅದರಲ್ಲಿ ಅಧ್ಯಕ್ಷರ ಹೆಸರುಗಳು, ‘ಇಂದ’ ಮತ್ತು ‘ವರೆಗೆ’ ಎಂಬ ಎರಡು ಕಾಲಂ. 2021ರ ಕೆಳಗೆ ಏನೂ ಬರೆದಿರಲಿಲ್ಲ. ಟಪಾಲಿನವರು ಅರ್ಜಿಗೆ ಸೀಲ್ ಹಾಕಿ ಸ್ವೀಕೃತಿ ಕೊಟ್ಟರು, ಮರ್ಯಾದೆಯಿಂದಲೇ ಮಾತಾಡಿಸಿದರು. ಮೊದಲಾಗಿದ್ದರೆ ನಮ್ಮ ಭಾಗದ ಸದಸ್ಯರು ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ‘ಯಾಕೆ ಇನ್ನೂ ರಿಪೇರಿ ಆಗಿಲ್ಲ?’ ಎಂದು ಕೇಳುತ್ತಿದ್ದರು. ಈಗ ಆಡಳಿತಾಧಿಕಾರಿಗಳಿದ್ದಾರೆ. ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಶಾಸಕರು ಕೇಳಬಹುದು, ಆದರೆ ಇಡೀ ಕ್ಷೇತ್ರಕ್ಕೆ ಒಬ್ಬರೇ ಶಾಸಕರು, ಅಲ್ವಾ?

ಸಂವಿಧಾನದಿಂದ ಏನೂ ಉಪಯೋಗವಾಗಲಿಲ್ಲ ಎಂದು ತರಗತಿಯಲ್ಲಿ ಗೆಳೆಯರು ಹೇಳಿದಾಗ ನಾನು ಒಪ್ಪುವುದಿಲ್ಲ. 1992ರಲ್ಲಿ ಚುನಾವಣೆ ನಿಂತಾಗ ಸಂವಿಧಾನ ತೋರಿಸಿ ಕೇಳಲು ಯಾವ ವಿಧಿಯೂ ಇರಲಿಲ್ಲ. ಈಗ ಇದೆ. ಸರ್ಕಾರವನ್ನು ಕೋರ್ಟಿಗೆ ಎಳೆಯಲು ಆಯೋಗವಿದೆ, ದಂಡ ಹಾಕಲು ಕೋರ್ಟಿದೆ. ಆದರೆ ಅವಧಿ ಮೀರಿದರೆ ಮುಂದೇನು ಎಂಬುದಕ್ಕೆ 243ಇ ವಿಧಿಯಲ್ಲಿ ಉತ್ತರವಿಲ್ಲ. ಗಡುವು ಇದೆ, ಗಡುವು ತಪ್ಪಿಸಿದವರಿಗೆ ನಷ್ಟವಿಲ್ಲ.

ಕೇರಳದಲ್ಲಿ 1995ರಿಂದ ಐದು ವರ್ಷಕ್ಕೊಮ್ಮೆ ಈ ಚುನಾವಣೆ ನಡೆಯುತ್ತಾ ಬಂದಿದೆ, ಕೋವಿಡ್ ಇದ್ದ 2020ರಲ್ಲೂ ನಡೆಯಿತು. ಅಲ್ಲಿ ಕ್ಷೇತ್ರ ವಿಂಗಡಿಸುವ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರು. ನಮ್ಮಲ್ಲೂ ಮರುವಿಂಗಡಣೆ ಮತ್ತು ಮೀಸಲಾತಿಯ ಕೆಲಸ ಚುನಾವಣಾ ಆಯೋಗದ ಕೈಗೆ ವಾಪಸ್ ಬರಬೇಕು. ಅವಧಿ ಮುಗಿಯುವುದಕ್ಕೆ ಆರು ತಿಂಗಳ ಮೊದಲು ಹೊಸ ಪಟ್ಟಿ ಸಿದ್ಧವಾಗದಿದ್ದರೆ ಹಳೇ ಕ್ಷೇತ್ರಗಳಲ್ಲೇ ಮತದಾನ ನಡೆಯಲಿ ಎಂದು ಕಾಯ್ದೆಯಲ್ಲೇ ಬರೆಯಬೇಕು. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ, ವಿಧಾನಸೌಧದಲ್ಲಿ ಒಂದು ಮಸೂದೆ ಪಾಸಾದರೆ ಸಾಕು.