ಮೈದಾನದಲ್ಲಿ ಹರಡದ ಸೋಂಕು ಊಟದ ಮೇಜಿನಲ್ಲಿ ಹರಡಿತು

2020ರ ನವೆಂಬರ್ 28, ಶನಿವಾರ. ಅಮೆರಿಕದ ಮಿಸ್ಸೂರಿಯಲ್ಲಿ ನಡೆದ ಕಾಲೇಜು ಫುಟ್‌ಬಾಲ್ ಪಂದ್ಯದಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪರವಾಗಿ ಸಾರಾ ಫುಲ್ಲರ್ ಎಂಬ ವಿದ್ಯಾರ್ಥಿನಿ ಚೆಂಡನ್ನು ಒಂದೇ ಒಂದು ಸಲ ಒದ್ದರು. ಅಲ್ಲಿನ ಐದು ದೊಡ್ಡ ಕಾನ್ಫರೆನ್ಸ್‌ಗಳ, ಅಂದರೆ ವಿಶ್ವವಿದ್ಯಾಲಯ ತಂಡಗಳ ಕೂಟಗಳ, ಪಂದ್ಯವೊಂದರಲ್ಲಿ ಹೆಣ್ಣುಮಗಳೊಬ್ಬಳು ಆಡಿದ್ದು ಅದೇ ಮೊದಲು. ಆಕೆ ನಿಜಕ್ಕೂ ಸಾಕರ್ ತಂಡದ ಗೋಲ್‌ಕೀಪರ್. ನಾವು ಇಲ್ಲಿ ಫುಟ್‌ಬಾಲ್ ಅನ್ನುತ್ತೇವಲ್ಲ, ಅದೇ ಸಾಕರ್. ಅಮೆರಿಕದವರು ಫುಟ್‌ಬಾಲ್ ಅನ್ನುವುದು ಬೇರೆ ಆಟ: ತಲೆಗೆ ಹೆಲ್ಮೆಟ್, ಕೈಯಲ್ಲಿ ಮೊಟ್ಟೆಯಾಕಾರದ ಚೆಂಡು, ಎದುರಾಳಿಗೆ ಗೂಳಿ ಹಾಗೆ ಡಿಕ್ಕಿ.

ಸಾಕರ್ ಹುಡುಗಿ ಅಲ್ಲಿಗೆ ಹೇಗೆ ಬಂದಳು? ತಂಡದಲ್ಲಿ ಚೆಂಡು ಒದೆಯುವ ಕೆಲಸದ ಹುಡುಗರು ಕ್ವಾರಂಟೈನ್‌ನಲ್ಲಿದ್ದರು. ಒಂದು ಕೋವಿಡ್ ಪಾಸಿಟಿವ್ ಬಂದರೆ ಸಾಕು, ಜೊತೆಗೆ ಅಭ್ಯಾಸ ಮಾಡಿದವರು, ಜೊತೆಗೆ ಕೂತು ಮೀಟಿಂಗ್ ಕೇಳಿದವರು ಎಲ್ಲರೂ ಮನೆ ಸೇರಬೇಕಿತ್ತು. ಒದೆಯುವವರು ಒದೆಯುವವರ ಜೊತೆಗೇ ಇರುತ್ತಾರೆ, ಹಾಗಾಗಿ ಹೋದರೆ ಇಡೀ ಗುಂಪೇ ಹೋಗುತ್ತದೆ. ಆ ಪಂದ್ಯವನ್ನು ವ್ಯಾಂಡರ್‌ಬಿಲ್ಟ್ 41-0ರಲ್ಲಿ ಸೋತಿತು, ಆ ಮಾತು ಬಿಡಿ. ನನಗೆ ಕುತೂಹಲ ಹುಟ್ಟಿಸಿದ್ದು ಸೋಂಕು ಗುಂಪಿನೊಳಗೆ ಓಡಾಡುವ ದಾರಿ.

2020ರ ಬೇಸಿಗೆಯಲ್ಲಿ ಎಲ್ಲರೂ ಹೆದರಿದ್ದು ಮೈದಾನಕ್ಕೆ. ಹೆದರಿಕೆ ಸಹಜವೇ. ನೂರಿಪ್ಪತ್ತು ಕಿಲೋ ತೂಗುವ ಇಬ್ಬರು ಮುಖಕ್ಕೆ ಮುಖ ಕೊಟ್ಟು ಏದುಸಿರು ಬಿಡುತ್ತಾ ತಳ್ಳಾಡುವ ಆಟ, ಅದರಲ್ಲಿ ಆರಡಿ ಅಂತರ ಎಲ್ಲಿಂದ ಬರಬೇಕು? ಹಾರ್ವರ್ಡ್, ಯೇಲ್‌ನಂಥ ಹಳೆಯ ವಿಶ್ವವಿದ್ಯಾಲಯಗಳ ಕೂಟವಾದ ಐವಿ ಲೀಗ್‌ನವರು ಜುಲೈ 8ಕ್ಕೇ ಈ ವರ್ಷದ ಶರತ್ಕಾಲದಲ್ಲಿ ಆಟ ಇಲ್ಲ ಎಂದರು. ಆಗಸ್ಟ್ 11ರಂದು ಬಿಗ್ ಟೆನ್ ಮತ್ತು ಪ್ಯಾಕ್-12 ಎಂಬ ಎರಡು ದೊಡ್ಡ ಕಾನ್ಫರೆನ್ಸ್‌ಗಳೂ ಆಟ ಮುಂದೂಡಿದವು. ದಕ್ಷಿಣದ ಎಸ್‌ಇಸಿ ಎಂಬ ಕಾನ್ಫರೆನ್ಸ್ ಹತ್ತೇ ಪಂದ್ಯಗಳ ವೇಳಾಪಟ್ಟಿ ಹಿಡಿದು ಮುಂದಕ್ಕೇ ಹೋಯಿತು. ಒಂದೇ ದೇಶ, ಒಂದೇ ವೈರಸ್, ಎದುರಿಗಿದ್ದದ್ದು ಒಂದೇ ವಿಜ್ಞಾನ, ತೀರ್ಮಾನ ಮಾತ್ರ ಕಾನ್ಫರೆನ್ಸ್‌ಗೊಂದು.

ಆಮೇಲೆ ಗೊತ್ತಾಗಿದ್ದೇ ಬೇರೆ. ಈ ವಿಷಯದಲ್ಲಿ ಒಳ್ಳೆಯ ಲೆಕ್ಕ ಸಿಕ್ಕಿದ್ದು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಿಂದ, ಯಾಕೆಂದರೆ ಅವರಲ್ಲಿ ದುಡ್ಡಿತ್ತು. ಆಟಗಾರರಿಗೂ ಸಿಬ್ಬಂದಿಗೂ ಯಾರು ಯಾರ ಹತ್ತಿರ ಎಷ್ಟು ಹೊತ್ತು ಇದ್ದರು ಎಂದು ಬರೆದಿಡುವ ಪುಟ್ಟ ಸಾಧನ ಕಟ್ಟಿದರು. ಆಗಸ್ಟ್‌ನಿಂದ ನವೆಂಬರ್ ಒಳಗೆ ಸುಮಾರು 11,400 ಜನರಿಗೆ ಆರು ಲಕ್ಷಕ್ಕೂ ಜಾಸ್ತಿ ಪರೀಕ್ಷೆ ಮಾಡಿದರು, 329 ಜನ ಪಾಸಿಟಿವ್ ಬಂದರು. ಅವರಿಗೆ ಸೋಂಕು ಎಲ್ಲಿ ಹತ್ತಿತು ಅಂತ ಹಿಂದಕ್ಕೆ ಹುಡುಕುತ್ತಾ ಹೋದರೆ ಸಿಕ್ಕಿದ್ದು ಒಟ್ಟಿಗೆ ಮಾಡಿದ ಊಟ, ಒಂದೇ ಕಾರಿನಲ್ಲಿ ಹೋದ ಪ್ರಯಾಣ, ಕೋಣೆಯೊಳಗಿನ ಮೀಟಿಂಗ್. ಪಂದ್ಯದ ವೇಳೆ ಮೈದಾನದಲ್ಲಿ ಹರಡಿದ್ದಕ್ಕೆ ಪುರಾವೆ ಸಿಗಲಿಲ್ಲ. ಇನ್ನೊಂದು ವಿಷಯವೂ ಬಯಲಾಯಿತು. ಹದಿನೈದು ನಿಮಿಷ ಹತ್ತಿರ ಇದ್ದರೆ ಮಾತ್ರ ಅಪಾಯ ಎಂಬ ನಿಯಮ ಆಗ ಎಲ್ಲ ಕಡೆ ಇತ್ತು, ನೆನಪಿದೆಯಲ್ವಾ? ಅಷ್ಟು ಹೊತ್ತು ಇರದವರಿಗೂ ಹತ್ತಿತ್ತು.

ಹಾಗಾಗಲು ಕಾರಣ ಗಾಳಿ. ಉಸಿರಿನ ಜೊತೆ ಹೊರಬರುವ ಅತಿ ಸಣ್ಣ ಹನಿಗಳು ಬಯಲಿನಲ್ಲಿ ಚದುರಿಹೋಗುತ್ತವೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೀಡಿ ಹೊಗೆಯ ಹಾಗೆ ನಿಲ್ಲುತ್ತವೆ. ಇನ್ನು ಮೈದಾನದಲ್ಲಿ ಒಂದು ಸಲದ ಡಿಕ್ಕಿ ಕೆಲವೇ ಸೆಕೆಂಡಿನದು. ಮೂರು ಗಂಟೆಯ ಪಂದ್ಯದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವ ಹೊತ್ತು ತೀರಾ ಕಡಿಮೆ, ಉಳಿದದ್ದೆಲ್ಲ ನಿಲ್ಲುವುದು, ಗುಸುಗುಸು ಮಾತಾಡುವುದು, ಜಾಹೀರಾತು. ಊಟದ ಮೇಜಿನಲ್ಲಾದರೆ ಮಾಸ್ಕ್ ತೆಗೆದು ಅರ್ಧ ಗಂಟೆ ನಗುತ್ತಾ ಕೂತಿರುತ್ತೀರಿ.

ಕ್ಯಾಂಪಸ್‌ನದೂ ಇದೇ ಕಥೆ. ತರಗತಿಯಲ್ಲಿ ಬೆಂಚುಗಳ ನಡುವೆ ಟೇಪ್ ಹಿಡಿದು ಅಳೆದರು, ಪ್ಲಾಸ್ಟಿಕ್ ಹಾಳೆ ಕಟ್ಟಿದರು. ಸೋಂಕು ಬಂದಿದ್ದು ಹಾಸ್ಟೆಲ್ ಕೋಣೆ ಮತ್ತು ರಾತ್ರಿ ಪಾರ್ಟಿಗಳಿಂದ. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ ಆಗಸ್ಟ್ 10ಕ್ಕೆ ತರಗತಿ ಶುರು ಮಾಡಿತು. ಒಂದು ವಾರದಲ್ಲಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಪಾಸಿಟಿವ್ ಪ್ರಮಾಣ 2.8%ನಿಂದ 13.6%ಗೆ ಏರಿತು, 17ಕ್ಕೆ ಪದವಿ ತರಗತಿಗಳೆಲ್ಲ ಆನ್‌ಲೈನ್ ಎಂದು ಪ್ರಕಟಿಸಿದರು. ಮಾರನೇ ದಿನ ನೋಟ್ರ ಡೇಮ್‌ ವಿಶ್ವವಿದ್ಯಾಲಯ ಕೂಡ ಎರಡು ವಾರ ಎದುರೆದುರಿನ ತರಗತಿ ನಿಲ್ಲಿಸಿತು. ಹಾಸ್ಟೆಲ್ ಹುಡುಗರು ಗಂಟುಮೂಟೆ ಕಟ್ಟಿಕೊಂಡು ಮನೆಗೆ ಹೊರಟರೆ ಚಾಪೆಲ್ ಹಿಲ್‌ನ ಫುಟ್‌ಬಾಲ್ ತಂಡ ಮಾತ್ರ ಅಲ್ಲೇ ಉಳಿಯಿತು, ಸೆಪ್ಟೆಂಬರ್ 12ಕ್ಕೆ ಮೊದಲ ಪಂದ್ಯವನ್ನೂ ಆಡಿತು. ಪಾಠಕ್ಕೆ ಅಪಾಯವಾದ ಕ್ಯಾಂಪಸ್ ಆಟಕ್ಕೆ ಅಪಾಯವಲ್ಲ! ಕ್ಯಾಂಪಸ್ ಖಾಲಿಯಾದಷ್ಟೂ ತಂಡ ಸುರಕ್ಷಿತ ಎಂದು ವಾದಿಸಿದವರೂ ಇದ್ದರು. ವಾದ ತಪ್ಪೇನಲ್ಲ, ಆದರೆ ಆ ಆಟಗಾರರಿಗೆ ಆಗ ಸಂಬಳವೇ ಇರಲಿಲ್ಲ, ಅವರನ್ನು ವಿದ್ಯಾರ್ಥಿಗಳು ಎಂದೇ ಕರೆಯುತ್ತಿದ್ದರು. ಹಟದ ಹಿಂದೆ ಇದ್ದದ್ದು ಟಿವಿ ದುಡ್ಡು. ಈಜು, ಕುಸ್ತಿ, ಜಿಮ್ನಾಸ್ಟಿಕ್ಸ್‌ನಂಥ ಆಟಗಳ ಖರ್ಚನ್ನು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಫುಟ್‌ಬಾಲ್ ಗಳಿಕೆಯೇ ತೂಗಿಸುತ್ತದೆ.

ಹಾಗಾದರೆ ತೆರೆಯುವ ದಾರಿಯೇ ಇರಲಿಲ್ಲವಾ? ಇತ್ತು, ಮತ್ತು ಈ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಯೇಲ್‌ನ ಡೇವಿಡ್ ಪಾಲ್ಟಿಯೆಲ್ ಮತ್ತು ಜೊತೆಗಾರರು ಜುಲೈ ಕೊನೆಗೆ ಒಂದು ಲೆಕ್ಕ ಪ್ರಕಟಿಸಿದರು. ಐದು ಸಾವಿರ ವಿದ್ಯಾರ್ಥಿಗಳ ಒಂದು ಕಾಲೇಜನ್ನು ಊಹಿಸಿಕೊಳ್ಳಿ. ಮೊದಲ ದಿನ ಅವರಲ್ಲಿ ಹತ್ತು ಜನರಿಗೆ ಲಕ್ಷಣವಿಲ್ಲದ ಸೋಂಕಿದೆ. ಇವರನ್ನು ಹೇಗೆ ಹಿಡಿಯುವುದು? ಅವರ ಉತ್ತರ ವಿಚಿತ್ರವಾಗಿತ್ತು. ಹತ್ತು ಸೋಂಕಿತರಲ್ಲಿ ಮೂವರನ್ನು ತಪ್ಪಿಸಿಬಿಡುವ ಅಗ್ಗದ ಪರೀಕ್ಷೆಯಾದರೂ ಪರವಾಗಿಲ್ಲ, ಎರಡು ದಿನಕ್ಕೊಮ್ಮೆ ಎಲ್ಲರಿಗೂ ಮಾಡಿ.

ಕಳಪೆ ಪರೀಕ್ಷೆ ಹೇಗೆ ಸಾಕಾಗುತ್ತದೆ? ವೈರಸ್ ದೇಹದಲ್ಲಿ ಬೆಳೆಯುವ ರೀತಿ ನೋಡಿ. ಮೊದಲು ಒಂದೆರಡು ದಿನ ಏನೂ ಕಾಣುವುದಿಲ್ಲ, ಆಮೇಲೆ ಕೆಲವೇ ಗಂಟೆಗಳಿಗೊಮ್ಮೆ ದುಪ್ಪಟ್ಟಾಗುತ್ತಾ ಏರಿ, ಕೆಲವು ದಿನ ತುತ್ತತುದಿಯಲ್ಲಿದ್ದು, ನಿಧಾನಕ್ಕೆ ಇಳಿಯುತ್ತದೆ. ಬೇರೆಯವರಿಗೆ ಹರಡುವುದು ಆ ತುದಿಯ ದಿನಗಳಲ್ಲೇ ಜಾಸ್ತಿ, ಆಗ ಮೂಗಿನಲ್ಲಿ ವೈರಸ್ ಎಷ್ಟಿರುತ್ತದೆಂದರೆ ಮಂದ ಪರೀಕ್ಷೆಯ ಕಣ್ಣಿಗೂ ಬೀಳುತ್ತದೆ. ತುಂಬಾ ಸೂಕ್ಷ್ಮವಾದ ಪಿಸಿಆರ್ ಪರೀಕ್ಷೆ ತೀರಾ ಕಡಿಮೆ ವೈರಸ್ಸನ್ನೂ ಹಿಡಿಯುತ್ತದೆ, ನಿಜ, ಆದರೆ ವಾರಕ್ಕೊಂದು ಸಲ ಮಾಡಿ ಫಲಿತಾಂಶ ನಾಲ್ಕು ದಿನ ತಡವಾಗಿ ಬಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಇವತ್ತು ತಪ್ಪಿಸಿಕೊಂಡ ಮೂವರಲ್ಲಿ ಇಬ್ಬರು ನಾಡಿದ್ದು ಸಿಕ್ಕಿಬೀಳುತ್ತಾರೆ ಅನ್ನುವುದೇ ಇದರ ಗುಟ್ಟು.

ಇಲಿನಾಯ್ ವಿಶ್ವವಿದ್ಯಾಲಯ ಇದನ್ನು ನಿಜವಾಗಿ ಮಾಡಿ ತೋರಿಸಿತು. ಮೂಗಿಗೆ ಕಡ್ಡಿ ಹಾಕುವ ಬದಲು ಸಣ್ಣ ಟ್ಯೂಬಿಗೆ ಎಂಜಲು ಉಗುಳಿಸಿಕೊಂಡರು. ಅದನ್ನು 95 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ವೈರಸ್ ಸತ್ತು ಅದರೊಳಗಿನ ಆರ್‌ಎನ್‌ಎ ಹೊರಬರುತ್ತದೆ, ಅದನ್ನು ಬೇರ್ಪಡಿಸಲು ಬೇಕಿದ್ದ ದುಬಾರಿ ರಾಸಾಯನಿಕಗಳೇ ಬೇಡ. ಆಗ ಆ ರಾಸಾಯನಿಕಗಳಿಗೆ ಎಲ್ಲ ಕಡೆ ಕೊರತೆ ಇತ್ತಲ್ಲ. ವಾರಕ್ಕೆ ಎರಡು ಸಲ ಪ್ರತಿಯೊಬ್ಬರಿಗೂ ಪರೀಕ್ಷೆ, ದಿನಕ್ಕೆ ಹತ್ತು ಸಾವಿರದಷ್ಟು. ಭೌತವಿಜ್ಞಾನಿಗಳಾದ ನೈಜೆಲ್ ಗೋಲ್ಡನ್‌ಫೆಲ್ಡ್ ಮತ್ತು ಸೆರ್ಗೈ ಮಾಸ್ಲೊವ್ ಗಣಿತದ ಮಾದರಿ ಕಟ್ಟಿದ್ದರು. ಹುಡುಗರು ಪಾರ್ಟಿ ಮಾಡೇ ಮಾಡುತ್ತಾರೆ ಎಂಬುದನ್ನೂ ಅದರಲ್ಲಿ ಸೇರಿಸಿದ್ದರು, ಇಡೀ ಸೆಮಿಸ್ಟರ್‌ಗೆ ಸುಮಾರು 700 ಸೋಂಕು ಎಂದು ಅಂದಾಜಿಸಿದ್ದರು. ಆ ಸಂಖ್ಯೆ ಮೊದಲ ಕೆಲವು ವಾರದಲ್ಲೇ ದಾಟಿಹೋಯಿತು. ಪಾಸಿಟಿವ್ ಬಂದಿದೆ ಎಂದು ಗೊತ್ತಿದ್ದೂ ಪಾರ್ಟಿಗೆ ಹೋಗುವವರಿರುತ್ತಾರೆ ಎಂಬುದು ಸಮೀಕರಣದಲ್ಲಿ ಇರಲಿಲ್ಲ! ಪಾಪ, ಭೌತವಿಜ್ಞಾನಿಗಳು. ಎಲೆಕ್ಟ್ರಾನ್‌ಗಳು ಹೀಗೆಲ್ಲ ಮಾಡುವುದಿಲ್ಲ. ಆಡಳಿತದವರು ಎರಡು ವಾರ ಬಿಗಿ ಹಿಡಿದರು, ಪರೀಕ್ಷೆ ಬಿಡಲಿಲ್ಲ, ಸಂಖ್ಯೆ ಇಳಿಯಿತು.

ಅರಿಜೋನಾ ವಿಶ್ವವಿದ್ಯಾಲಯದವರು ಇನ್ನೂ ಕೆಳಗೆ, ಅಂದರೆ ಒಳಚರಂಡಿಗೆ ಇಳಿದರು. ಸೋಂಕಿತರ ಮಲದಲ್ಲೂ ವೈರಸ್ಸಿನ ಚೂರುಗಳಿರುತ್ತವೆ, ಕೆಮ್ಮು ಬರುವ ಮೊದಲೇ. ಆಗಸ್ಟ್‌ನಲ್ಲಿ ಒಂದು ಹಾಸ್ಟೆಲ್ಲಿನ ಕೊಳಚೆ ನೀರಿನಲ್ಲಿ ಅದು ಕಂಡಿತು. ಅಲ್ಲಿನ 311 ಜನರನ್ನೂ ಪರೀಕ್ಷೆ ಮಾಡಿದರೆ ಯಾವ ಲಕ್ಷಣವೂ ಇಲ್ಲದ ಇಬ್ಬರು ಸಿಕ್ಕರು. ಒಂದು ಬಕೆಟ್ ಕೊಳಚೆ ಮುನ್ನೂರು ಜನರ ಮೂಗಿನ ಕೆಲಸ ಮಾಡಿತು, ಅಷ್ಟೇ.

ಇದೆಲ್ಲ ಕ್ಯಾಂಪಸ್ ಗೋಡೆಯೊಳಗಿನ ಮಾತು. ಗೋಡೆ ವೈರಸ್ಸಿಗೆ ಕಾಣುವುದಿಲ್ಲ. ದೊಡ್ಡ ವಿಶ್ವವಿದ್ಯಾಲಯಗಳಿರುವ ಜಿಲ್ಲೆಗಳನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೋಲಿಸಿ ನೋಡಿತು. ಎದುರೆದುರು ತರಗತಿ ನಡೆಸಿದ ಕಡೆ, ತರಗತಿ ಶುರುವಾದ ಮೂರು ವಾರದಲ್ಲಿ ಸೋಂಕಿನ ಪ್ರಮಾಣ ಅದರ ಹಿಂದಿನ ಮೂರು ವಾರಕ್ಕಿಂತ ಸುಮಾರು 56% ಜಾಸ್ತಿಯಾಗಿತ್ತು. ಆನ್‌ಲೈನ್ ಪಾಠ ಮಾಡಿದ ಕಡೆ ಸುಮಾರು 18% ಇಳಿದಿತ್ತು. ಇಪ್ಪತ್ತರ ಹುಡುಗನಿಗೆ ಎರಡು ದಿನದ ಜ್ವರ, ಅದೇ ಊರಿನ ವೃದ್ಧಾಶ್ರಮದಲ್ಲಿ ಲೆಕ್ಕ ಬೇರೆ.

ನಮ್ಮ ಮಕ್ಕಳೂ ಇದರಲ್ಲಿ ಸಿಕ್ಕಿಹಾಕಿಕೊಂಡರು. ಜುಲೈ 6ರಂದು ಅಮೆರಿಕ ಸರ್ಕಾರ, ಪೂರ್ತಿ ಆನ್‌ಲೈನ್ ಆದ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕು, ಇಲ್ಲವೇ ಎದುರೆದುರು ತರಗತಿ ಇರುವ ಬೇರೆ ಕಾಲೇಜಿಗೆ ಸೇರಬೇಕು ಎಂದಿತು. ಹಾರ್ವರ್ಡ್ ಮತ್ತು ಎಂಐಟಿ ಕೋರ್ಟಿಗೆ ಹೋದವು, 14ಕ್ಕೆ ಆ ನಿಯಮ ವಾಪಸ್ ಆಯಿತು. ಎಂಟು ದಿನ ಬೆಂಗಳೂರು, ಮೈಸೂರಿನ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲವೋ. ಅಂದಹಾಗೆ, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಕಟ್ಟಿಕೊಂಡ ಕೋವಿಡ್ ಸಲಹಾ ಮಂಡಳಿಯಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿ ಇದ್ದರು. ಅವರ ಕುಟುಂಬದ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ.

ಆ ಆಗಸ್ಟ್‌ನಲ್ಲಿ ಎಲ್ಲರನ್ನೂ ಕಾಡಿದ್ದು ಹೃದಯದ ಮಾತು. ವೈರಸ್ ಹೃದಯದ ಸ್ನಾಯುವಿಗೆ ಇಳಿದು ಊತ ಬಂದರೆ ಅದನ್ನು ಮಯೋಕಾರ್ಡೈಟಿಸ್ ಅನ್ನುತ್ತಾರೆ. ಆ ಸ್ಥಿತಿಯಲ್ಲಿ ಮೈಮುರಿದು ಓಡಿದರೆ ಹೃದಯದ ಬಡಿತ ಲಯ ತಪ್ಪಿ ಕುಸಿಯಬಹುದು, ಮೈದಾನದಲ್ಲಿ ಎಳೆಯ ಆಟಗಾರರು ದಿಢೀರನೆ ಸಾಯುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕೋವಿಡ್‌ನಿಂದ ಚೇತರಿಸಿಕೊಂಡ ನೂರು ಜನರ ಎಂಆರ್‌ಐ ಮಾಡಿದಾಗ 78 ಜನರ ಹೃದಯದಲ್ಲಿ ಏನೋ ವ್ಯತ್ಯಾಸ ಕಂಡಿತ್ತು. ಸೆಪ್ಟೆಂಬರ್‌ನಲ್ಲಿ ಓಹಾಯೋ ಸ್ಟೇಟ್ ತನ್ನ 26 ಕ್ರೀಡಾಪಟುಗಳ ಲೆಕ್ಕ ಕೊಟ್ಟಿತು: ನಾಲ್ವರಲ್ಲಿ ಊತದ ಗುರುತು. ಅಂದರೆ ನೂರಕ್ಕೆ ಹದಿನೈದು. ಯಾವ ಕೋಚ್ ತಾನೇ ಹೆದರುವುದಿಲ್ಲ?

ಆದರೆ 26 ಸಣ್ಣ ಸಂಖ್ಯೆ. ಇಬ್ಬರು ಅತ್ತಿತ್ತ ಆದರೆ ಹದಿನೈದು ಹೋಗಿ ಎಂಟಾಗುತ್ತದೆ. ಅಲ್ಲದೆ ದಿನಾ ಗಂಟೆಗಟ್ಟಲೆ ಬೆವರು ಸುರಿಸುವವರ ಹೃದಯ ನಿಮ್ಮ ನನ್ನ ಹೃದಯದ ಹಾಗಿರುವುದಿಲ್ಲ, ಸ್ವಲ್ಪ ದಪ್ಪ, ಸ್ವಲ್ಪ ದೊಡ್ಡದು. ಎಂಆರ್‌ಐ ತುಂಬಾ ಚೂಟಿಯಾದ ಯಂತ್ರ, ಕಂಡದ್ದೆಲ್ಲ ಕಾಯಿಲೆಯಾಗಬೇಕಿಲ್ಲ. ಬಿಗ್ ಟೆನ್ ಆಮೇಲೆ ಮನಸ್ಸು ಬದಲಿಸಿ ಅಕ್ಟೋಬರ್ ಕೊನೆಗೆ ಆಟ ಶುರು ಮಾಡಿತಲ್ಲ, ಆಗ ಹಾಕಿಕೊಂಡ ಷರತ್ತು ದಿನಾ ಪರೀಕ್ಷೆ, ಪಾಸಿಟಿವ್ ಬಂದವರಿಗೆ ಹೃದಯದ ಪೂರ್ತಿ ತಪಾಸಣೆ, ಕನಿಷ್ಠ 21 ದಿನ ಪಂದ್ಯ ಇಲ್ಲ. ಅದರಿಂದ ದೊಡ್ಡ ಲೆಕ್ಕ ಸಿಕ್ಕಿತು. ಸೋಂಕು ಬಂದುಹೋಗಿದ್ದ 1,597 ಕ್ರೀಡಾಪಟುಗಳಲ್ಲಿ ಮಯೋಕಾರ್ಡೈಟಿಸ್ ಕಂಡಿದ್ದು 37 ಜನರಲ್ಲಿ, ಅಂದರೆ 2.3%. ಅವರಲ್ಲೂ ಎದೆನೋವು, ಉಬ್ಬಸದಂಥ ತೊಂದರೆ ಇದ್ದದ್ದು ಒಂಬತ್ತು ಜನರಿಗೆ ಮಾತ್ರ. ಆಗಸ್ಟ್‌ನ ಭಯ ಸುಳ್ಳೇನಲ್ಲ, ಅಳತೆಯಲ್ಲಿ ದೊಡ್ಡದಾಗಿತ್ತು. ಆಟ ನಿಲ್ಲಿಸಿದವರನ್ನು ಆಗ ಹೇಡಿಗಳು ಎಂದವರು ಬಹಳ, ನಾನು ಹಾಗೆ ಹೇಳಲಾರೆ. ಆ ದಿನ ಅವರ ಕೈಯಲ್ಲಿ 1,597 ಇರಲಿಲ್ಲ.

ಇನ್ನೊಂದು ಉಳಿಯಿತು. ಪರೀಕ್ಷೆ ಪಾಸಿಟಿವ್ ಅಂದ ಮಾತ್ರಕ್ಕೆ ಸೋಂಕಿದೆ ಎಂದಲ್ಲ. ಹತ್ತು ಸಾವಿರ ಜನ, ಅವರಲ್ಲಿ ನಿಜವಾಗಿ ಸೋಂಕಿರುವವರು ಹತ್ತು ಜನ ಎಂದುಕೊಳ್ಳಿ. ಆರೋಗ್ಯವಂತರಲ್ಲಿ ನೂರಕ್ಕೆ ಇಬ್ಬರನ್ನು ಸುಮ್ನೆ ಪಾಸಿಟಿವ್ ಅನ್ನುವ ಪರೀಕ್ಷೆ ಇನ್ನೂರು ಜನರನ್ನು ಕಾರಣವಿಲ್ಲದೆ ಕೋಣೆಗೆ ಕಳಿಸುತ್ತದೆ. ದಿನಾ ಪರೀಕ್ಷೆ ಮಾಡುವ ತಂಡಗಳಿಗೆ ಇದೇ ದೊಡ್ಡ ತಲೆನೋವು, ಹಾಗಾಗಿ ಪಾಸಿಟಿವ್ ಬಂದರೆ ಮತ್ತೆ ಮತ್ತೆ ಪಿಸಿಆರ್ ಮಾಡಿ ಖಚಿತ ಮಾಡಿಕೊಳ್ಳುತ್ತಿದ್ದರು. ಅಲಬಾಮಾ ತಂಡದ ಕೋಚ್ ನಿಕ್ ಸೇಬನ್ ಅವರಿಗೆ ಅಕ್ಟೋಬರ್ 14ಕ್ಕೆ ಪಾಸಿಟಿವ್ ಬಂತು, ಮೈಯಲ್ಲಿ ಏನೂ ಇಲ್ಲ. ಮುಂದಿನ ಮೂರು ಪಿಸಿಆರ್ ನೆಗೆಟಿವ್. 17ರ ಶನಿವಾರ ಜಾರ್ಜಿಯಾ ವಿರುದ್ಧದ ಪಂದ್ಯಕ್ಕೆ ಬಂದು ನಿಂತರು, ಗೆದ್ದರು. ನವೆಂಬರ್‌ನಲ್ಲಿ ಮತ್ತೆ ಪಾಸಿಟಿವ್ ಬಂದಾಗ ಸಣ್ಣಗೆ ಮೂಗು ಸೋರುತ್ತಿತ್ತು. ಈ ಸಲ ನಿಜ. ಸಾರಾ ಫುಲ್ಲರ್ ಮಿಸ್ಸೂರಿಯಲ್ಲಿ ಚೆಂಡು ಒದ್ದ ಅದೇ ಶನಿವಾರ ಅವರ ತಂಡ ಆಬರ್ನ್ ವಿರುದ್ಧ 42-13ರಲ್ಲಿ ಗೆದ್ದಿತು, ಸೇಬನ್ ಮನೆಯಲ್ಲಿ ಕೂತು ಟಿವಿಯಲ್ಲಿ ನೋಡಿದರು.