ನಿಶ್ಚಯದ ಉಂಗುರ ಕೊಳ್ಳಲು ಇಬ್ಬರೂ ಕೂಡಿ ಹೋಗಬಹುದೇ?

ಓದುಗರ ಪ್ರಶ್ನೆ: "ನಮ್ಮ ನಿಶ್ಚಯಕ್ಕ ಇನ್ನೂ ಒಂದೂವರೆ ತಿಂಗಳೈತಿ. ನಾ ಧಾರವಾಡದಾಕಿ, ಅವರು ಹುಬ್ಬಳ್ಳಿಯವರು. ಉಂಗುರ ಇಬ್ಬರೂ ಕೂಡೇ ನೋಡಿ ತಗೋಬೇಕಂತ ನಮ್ಮ ಆಸೆ. ಮನ್ಯಾಗ 'ಅದು ಹಿರ್ಯಾರು ತರೋದು, ನೀವ್ಯಾಕ ಹೋಗ್ತೀರಿ' ಅಂತಾರ. ಹೋದ್ರ ತಪ್ಪೇನರ ಐತೇನು? ಹೋದ್ರ ಅಂಗಡ್ಯಾಗ ಏನೇನ ಕೇಳಬೇಕು?"

ಹೋಗಿ. ಖಂಡಿತ ಹೋಗಿ. ಆದರೆ ಎರಡು ಸಲ ಹೋಗಿ: ಮೊದಲ ಸಲ ನೀವಿಬ್ಬರೇ, ದುಡ್ಡಿಲ್ಲದೆ, ಎರಡನೇ ಸಲ ಹಿರಿಯರ ಜೊತೆ.

ನಮ್ಮ ಕಡೆ ನಿಶ್ಚಯದ ದಿನ ಹುಡುಗನ ಮನೆಯವರು ಹುಡುಗಿಗೆ ಸೀರೆ ಕೊಟ್ಟು, ಉಡಿ ತುಂಬಿ, ಉಂಗುರ ಇಡಿಸುತ್ತಾರೆ. ಹುಡುಗನ ಉಂಗುರ ಹುಡುಗಿಯ ಮನೆಯಿಂದ ಬರುತ್ತದೆ. ಕೊಡುವ ಹಿರಿತನ ಹಿರಿಯರದು, ಅದನ್ನು ಅವರಿಂದ ಕಿತ್ತುಕೊಳ್ಳಬೇಕಿಲ್ಲ. ಆದರೆ ಮುಂದೆ ವರ್ಷಗಟ್ಟಲೆ ಅದನ್ನು ಹಾಕಿಕೊಂಡು ಓಡಾಡುವ ಬೆರಳು ನಿಮ್ಮದು. ಬೆರಳಿಲ್ಲದೆ ಕೊಂಡ ಉಂಗುರ ಸಡಿಲಾಗಿ ದಾರ ಸುತ್ತಿಸಿಕೊಳ್ಳುವುದನ್ನು, ಇಲ್ಲವೇ ಬಿಗಿಯಾಗಿ ಕಪಾಟಿನಲ್ಲಿ ಕೂರುವುದನ್ನು ಎಷ್ಟೋ ಮನೆಗಳಲ್ಲಿ ನೋಡುತ್ತೇವೆ. "ಅಳತಿ ಕೊಟ್ಟು, ಡಿಸೈನ್ ನೋಡಿ ಬರ್ತೀವಿ, ತಗೋಳಾಕ ನೀವs ಬರ್ರಿ" ಎಂದು ಮನೆಯಲ್ಲಿ ಹೇಳಿ ನೋಡಿ. ಬಹಳಷ್ಟು ತಾಯಂದಿರು ಒಪ್ಪುತ್ತಾರೆ.

ಅಂಗಡಿಗೆ ಹೋಗುವ ಮೊದಲೇ ಮುಗಿಸಬೇಕಾದ ಮಾತು ದುಡ್ಡಿನದು. ಶೋರೂಮಿನ ದೀಪದ ಕೆಳಗೆ, ಟ್ರೇ ಮೇಲೆ ಟ್ರೇ ಬರುತ್ತಿರುವಾಗ ಆ ಮಾತು ಸರಿಯಾಗಿ ಆಗುವುದಿಲ್ಲ. ಒಬ್ಬರಿಗೆ ನಾಚಿಕೆ, ಇನ್ನೊಬ್ಬರಿಗೆ ದೊಡ್ಡಸ್ತಿಕೆ ಅಡ್ಡ ಬರುತ್ತದೆ. ಎರಡೂ ಮನೆಯವರು ಎಷ್ಟು ಇಟ್ಟುಕೊಂಡಿದ್ದಾರೆಂದು ಕೇಳಿ, ರೂಪಾಯಿಯಲ್ಲಿ ಒಂದು ಮಿತಿ ಹಾಕಿಕೊಳ್ಳಿ. ಹಿರಿಯರು "ಅರ್ಧ ತೊಲಿ" ಅಂದಿದ್ದರೆ ಅದು ಎಷ್ಟು ಗ್ರಾಂ ಎಂದು ಬಿಡಿಸಿ ಕೇಳಿ. ಹಳೆಯ ತೊಲೆ 11.66 ಗ್ರಾಂ, ಈಗ ಪೇಟೆಯಲ್ಲಿ ತೊಲೆ ಎಂದರೆ ಬಹುತೇಕ 10 ಗ್ರಾಂ. ಅರ್ಧ ತೊಲೆಯಲ್ಲೇ ಮುಕ್ಕಾಲು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಹುಡುಗನ ಕಡೆಯವರು "ಉಂಗುರ ಇಷ್ಟು ಗ್ರಾಂ ಇರಲೇಬೇಕು" ಎಂದು ಬೇಡಿಕೆ ಇಟ್ಟರೆ ಅದು ಉಡುಗೊರೆಯಾಗಿ ಉಳಿಯುವುದಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಇರುವುದು ಇಂಥ ಬೇಡಿಕೆಗಳನ್ನು ತಡೆಯಲಿಕ್ಕೇ. ಅದನ್ನು ಹುಡುಗನೇ ತನ್ನ ಮನೆಯಲ್ಲಿ ನಿಲ್ಲಿಸಬೇಕು, ಹುಡುಗಿ ಬಾಯಿ ಬಿಡುವವರೆಗೆ ಕಾಯಬಾರದು. ನಿಮ್ಮಿಬ್ಬರ ಉಂಗುರಗಳ ತೂಕ ಒಂದೇ ಇರಬೇಕೆಂಬ ನಿಯಮವೂ ಇಲ್ಲ.

ಇನ್ನು ಮೊದಲ ಭೇಟಿ. ಕೊಪ್ಪಿಕರ್ ರಸ್ತೆಯಿರಲಿ, ದುರ್ಗದ ಬೈಲಿನ ಸುತ್ತಲಿನ ಪೇಟೆಯಿರಲಿ, ಧಾರವಾಡದ ಸುಭಾಸ ರಸ್ತೆಯಿರಲಿ, ವಾರದ ನಡುವಿನ ದಿನ ಮಧ್ಯಾಹ್ನ ಹೋಗಿ. ಅಕ್ಷಯ ತೃತೀಯಾ, ದೀಪಾವಳಿಯ ಗದ್ದಲದಲ್ಲಿ ಯಾರೂ ನಿಮಗೆ ಸಮಾಧಾನದಿಂದ ಅಳತೆ ತೆಗೆಯುವುದಿಲ್ಲ. ಬೆರಳು ಇಡೀ ದಿನ ಒಂದೇ ಗಾತ್ರ ಇರುವುದಿಲ್ಲ: ಬಿಸಿಲಿಗೆ ಉಬ್ಬುತ್ತದೆ, ಬೆಳಗಿನ ತಂಪಿಗೆ ಸಣ್ಣಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಚಿಗರಿ ಬಸ್ಸು ಇಳಿದು ನೇರ ಅಂಗಡಿಗೆ ನುಗ್ಗಿದರೆ ಅಳತೆ ದೊಡ್ಡದು ಬರುತ್ತದೆ. ಸ್ವಲ್ಪ ಹೊತ್ತು ಕುಳಿತು, ನೀರು ಕುಡಿದು, ಆಮೇಲೆ ಕೈ ಚಾಚಿ. ಉಂಗುರ ಗೆಣ್ಣಿನ ಹತ್ತಿರ ಸ್ವಲ್ಪ ತಡೆದು ದಾಟಬೇಕು, ದಾಟಿದ ಮೇಲೆ ತಾನಾಗಿ ತಿರುಗಬಾರದು. ಅಗಲ ಪಟ್ಟಿಯ ಉಂಗುರ ಅದೇ ನಂಬರಿನ ಸಣ್ಣ ಪಟ್ಟಿಯದಕ್ಕಿಂತ ಬಿಗಿ ಅನಿಸುತ್ತದೆ, ಆದ್ದರಿಂದ ನೀವು ಕೊಳ್ಳಲಿರುವ ಅಗಲದ್ದರಲ್ಲೇ ಅಳತೆ ನೋಡಿ. ಎರಡನೇ ಭೇಟಿಯಲ್ಲಿ ಮತ್ತೊಮ್ಮೆ ಅಳೆಸಿ.

ಡಿಸೈನ್ ಆರಿಸುವಾಗ ಕೈಯ ಕೆಲಸ ನೆನಪಿರಲಿ. ದಿನಾ ರೊಟ್ಟಿ ಬಡಿಯುವ ಕೈಗೆ ಎತ್ತರಕ್ಕೆ ಕೂರಿಸಿದ ಹರಳಿನ ಉಂಗುರ ಆಗಿಬರುವುದಿಲ್ಲ. ಹರಳಿನ ಬುಡದಲ್ಲಿ ಜೋಳದ ಹಿಟ್ಟು ಕೂತು ಒಣಗುತ್ತದೆ, ಹಿಡಿದಿರುವ ಕೊಕ್ಕೆಗಳು ಸೀರೆಯ ನೂಲು ಎಳೆಯುತ್ತವೆ, ಒಂದು ಕೊಕ್ಕೆ ಸಡಿಲಾದರೆ ಹರಳು ಎಲ್ಲಿ ಬಿತ್ತೆಂದು ಗೊತ್ತಾಗುವುದೂ ಇಲ್ಲ. ಸುತ್ತಲೂ ಬಂಗಾರದ ಅಂಚು ಕಟ್ಟಿ ತಗ್ಗಿನಲ್ಲಿ ಕೂರಿಸಿದ ಹರಳು ಇದಕ್ಕಿಂತ ಎಷ್ಟೋ ಮೇಲು. ಹುಡುಗ ಗೋಕುಲ ರಸ್ತೆಯ ಕಾರ್ಖಾನೆಯಲ್ಲೋ ರೈಲ್ವೆ ವರ್ಕ್‌ಶಾಪಿನಲ್ಲೋ ಯಂತ್ರದ ಮುಂದೆ ನಿಲ್ಲುವವನಾದರೆ ಕೆಲಸದ ಹೊತ್ತಿನಲ್ಲಿ ಉಂಗುರ ತೆಗೆದಿಡಲೇಬೇಕು. ತಿರುಗುವ ಯಂತ್ರಕ್ಕೆ ಉಂಗುರ ಸಿಕ್ಕರೆ ಬೆರಳೇ ಹೋಗಬಹುದು. ಅಂಥವರಿಗೆ ಸುಲಭವಾಗಿ ಬಿಚ್ಚಿ ಹಾಕುವ ನಯವಾದ ಪಟ್ಟಿ ಸಾಕು. ಸುತ್ತಲೂ ಪೂರ್ತಿ ಹರಳು ಕೂರಿಸಿದ ಉಂಗುರವನ್ನು ಮುಂದೆ ದೊಡ್ಡದು ಮಾಡಿಸುವುದು ಕಷ್ಟ ಎಂಬುದೂ ಗೊತ್ತಿರಲಿ. ಮದುವೆಯಾದ ಮೇಲೆ ಬೆರಳು ದಪ್ಪಗಾಗುವುದು ಸಾಮಾನ್ಯ.

22 ಕ್ಯಾರೆಟ್ಟೋ 18 ಕ್ಯಾರೆಟ್ಟೋ? ಬರೀ ಬಂಗಾರದ ಉಂಗುರಕ್ಕೆ 22, ವಜ್ರ ಕೂರಿಸುವುದಾದರೆ 18. ಇಪ್ಪತ್ತೆರಡರ ಬಂಗಾರ ಮೆತ್ತಗಿರುತ್ತದೆ, ಸಣ್ಣ ಕೊಕ್ಕೆಗಳು ಬೇಗ ಬಾಗುತ್ತವೆ. ಅಜ್ಜಿ "ಹದಿನೆಂಟು ಕಲಬೆರಕಿ" ಅಂದರೆ ಇದನ್ನೇ ಹೇಳಿ. 22ರಲ್ಲಿ ಶೇ 91.6 ಬಂಗಾರ, 18ರಲ್ಲಿ ಶೇ 75. ಆದ್ದರಿಂದ 18 ಕ್ಯಾರೆಟ್ ಉಂಗುರಕ್ಕೆ 22ರ ದರ ಹಾಕಿದ್ದಾರೆಯೇ ಎಂದು ನೋಡಬೇಕು. 22ರ ದರ ಗ್ರಾಂಗೆ 10,000 ರೂಪಾಯಿ ಇದ್ದರೆ 18ರದ್ದು 8,190ರ ಆಸುಪಾಸು ಬರಬೇಕು.

ಹಾಲ್‌ಮಾರ್ಕ್ (ಶುದ್ಧತೆಯ ಅಧಿಕೃತ ಗುರುತು) ವಿಷಯದಲ್ಲಿ ಉಂಗುರಕ್ಕೆ ಒಂದು ವಿಶೇಷವಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಆಭರಣದ ಮೇಲೆ ಮೂರು ಗುರುತು ಇರಬೇಕು: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮುದ್ರೆ, 22ಕೆ916 ಅಥವಾ 18ಕೆ750ರಂತಹ ಶುದ್ಧತೆ, ಮತ್ತು ಎಚ್‌ಯುಐಡಿ, ಅಂದರೆ ಆ ಒಂದು ಆಭರಣಕ್ಕೇ ಕೊಟ್ಟ, ಅಕ್ಷರ-ಅಂಕಿ ಕೂಡಿದ ಆರು ಸ್ಥಾನದ ಗುರುತು ಸಂಖ್ಯೆ. ಆದರೆ 2 ಗ್ರಾಂಗಿಂತ ಕಡಿಮೆ ತೂಕದ ಆಭರಣಕ್ಕೆ ಕಡ್ಡಾಯವಿಲ್ಲ. ಹಗುರವಾದ ಹೆಣ್ಣುಮಕ್ಕಳ ಉಂಗುರಗಳು ಎಷ್ಟೋ ಈ ಮಿತಿಯ ಕೆಳಗೇ ಇರುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಎರಡು ಗ್ರಾಂ ದಾಟಿದ್ದನ್ನೇ ಕೊಳ್ಳಿ, ಇಲ್ಲವೇ ಹಾಲ್‌ಮಾರ್ಕ್ ಮಾಡಿಸಿಯೇ ಕೊಡಿ ಎಂದು ಕೇಳಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಎಚ್‌ಯುಐಡಿ ಹಾಕಿದರೆ ಆಭರಣದ ಬಗೆ, ಶುದ್ಧತೆ, ಹಾಲ್‌ಮಾರ್ಕ್ ಮಾಡಿದ ಕೇಂದ್ರ ಎಲ್ಲ ಕಾಣುತ್ತದೆ. ಅಂಗಡಿಯಲ್ಲೇ ಕುಳಿತು ನೋಡಿ, ಸಂಕೋಚ ಬೇಡ. ಹಾಲ್‌ಮಾರ್ಕಿನಲ್ಲಿ ಹೇಳಿದಷ್ಟು ಶುದ್ಧತೆ ಇಲ್ಲವೆಂದು ಆಮೇಲೆ ತಿಳಿದರೆ, 2018ರ ಬಿಐಎಸ್ ನಿಯಮಗಳ ಪ್ರಕಾರ ಕಡಿಮೆಯಾದ ಬಂಗಾರದ ಬೆಲೆಯ ಎರಡು ಪಟ್ಟು ಪರಿಹಾರವೂ ಪರೀಕ್ಷೆಯ ಖರ್ಚೂ ಗಿರಾಕಿಗೆ ಸಿಗಬೇಕು. ಬಿಲ್ಲಿಲ್ಲದೆ ಇದ್ಯಾವುದೂ ನಡೆಯುವುದಿಲ್ಲ.

ಚೌಕಾಸಿ ಮಾಡಬೇಕಾದ್ದು ಬಂಗಾರದ ದರದಲ್ಲಲ್ಲ, ಮಜೂರಿಯಲ್ಲಿ, ಅಂದರೆ ಮಾಡಿದ ಕೂಲಿಯಲ್ಲಿ. ಲೆಕ್ಕ ಹೀಗೆ: ನಾಲ್ಕು ಗ್ರಾಂ ಉಂಗುರ, ದರ 10,000 ಎಂದುಕೊಳ್ಳಿ. ಬಂಗಾರಕ್ಕೆ 40,000. ಮಜೂರಿ ಶೇ 12 ಎಂದರೆ 4,800. ಒಟ್ಟು 44,800ರ ಮೇಲೆ ಶೇ 3 ಜಿಎಸ್‌ಟಿ 1,344. ಹಾಲ್‌ಮಾರ್ಕಿಗೆ 45 ರೂಪಾಯಿ, ಅದರ ತೆರಿಗೆ ಬೇರೆ. ಒಟ್ಟು 46,200ರ ಹತ್ತಿರ. ಮಜೂರಿ ಶೇ 8ಕ್ಕೆ ಇಳಿದರೆ 44,550. ಅದೇ ಉಂಗುರಕ್ಕೆ ಸುಮಾರು 1,650 ರೂಪಾಯಿ ಉಳಿಯಿತು. ಕೆಲವರು ಮಜೂರಿ ಬೇರೆ, ವೇಸ್ಟೇಜ್ (ಮಾಡುವಾಗ ಸವೆಯುವ ಬಂಗಾರದ ಲೆಕ್ಕ) ಬೇರೆ ಎಂದು ಎರಡು ಸಾಲು ಹಾಕುತ್ತಾರೆ. ಎರಡನ್ನೂ ಕೂಡಿಸಿ ಒಟ್ಟು ಶೇಕಡಾ ಎಷ್ಟೆಂದು ಕೇಳಿ, ಮುಂದಿನ ಅಂಗಡಿಯ ಲೆಕ್ಕದ ಪಕ್ಕ ಇಟ್ಟು ನೋಡಿ. ಹರಳಿನ ಉಂಗುರವಾದರೆ ಹರಳಿನ ತೂಕ ಕಳೆದ ನಿವ್ವಳ ಬಂಗಾರಕ್ಕೆ ಮಾತ್ರ ದರ ಹಾಕಬೇಕು.

ವಜ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕ್ಯಾರೆಟ್ ವಜ್ರ ಎಂದರೆ 0.2 ಗ್ರಾಂ, ಅದರ ನೂರನೇ ಒಂದು ಭಾಗ ಒಂದು ಸೆಂಟ್. ಅಮೆರಿಕನ್ ಡೈಮಂಡ್ ವಜ್ರವಲ್ಲ. ಲ್ಯಾಬಿನಲ್ಲಿ ಬೆಳೆಸಿದ್ದು ನಿಜವಾದ ವಜ್ರವೇ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಬೆಲೆ ಬಹಳ ಕಡಿಮೆ, ಮರಳಿ ಮಾರಲು ಹೋದಾಗ ಸಿಗುವುದೂ ಕಡಿಮೆ. ಎರಡರಲ್ಲಿ ಯಾವುದೆಂದು ಪ್ರಮಾಣಪತ್ರದಲ್ಲಿ ಬರೆದಿರಬೇಕು. ವಾಪಸು ಕೊಂಡರೆ ಎಷ್ಟು ಕೊಡುತ್ತಾರೆಂಬುದನ್ನೂ ಬಾಯಿಮಾತಿನಲ್ಲಿ ಬಿಡದೆ ಬಿಲ್ಲಿನ ಮೇಲೆ ಬರೆಸಿ.

ಅಜ್ಜಿಯ ಬಂಗಾರ ಕರಗಿಸಿ ಮನೆಯ ಪತ್ತಾರರ ಹತ್ತಿರ ಮಾಡಿಸುವ ಆಲೋಚನೆ ಇದ್ದರೆ ಅದು ಒಳ್ಳೆಯದೇ, ನನಗೆ ತುಂಬ ಇಷ್ಟದ್ದು ಕೂಡ. ಆದರೆ ಬೋರಮಾಳದ ಗುಂಡುಗಳ ಒಳಗೆ ಸಾಮಾನ್ಯವಾಗಿ ಅರಗು ತುಂಬಿರುತ್ತದೆ, ಬೆಸುಗೆ ಹಾಕಿದ ಕಡೆ ಶುದ್ಧತೆ ಇಳಿದಿರುತ್ತದೆ. ತಕ್ಕಡಿಯಲ್ಲಿ ತೂಗಿದಷ್ಟು ಬಂಗಾರ ಕರಗಿದ ಮೇಲೆ ಸಿಗುವುದಿಲ್ಲ, ಅದಕ್ಕೆ ಪತ್ತಾರರನ್ನು ಅನುಮಾನಿಸಬೇಡಿ. ಕರಗಿಸುವಾಗ ಎದುರಿಗೇ ಕೂರಿ, ಗಟ್ಟಿಯ ತೂಕ ಬರೆದುಕೊಳ್ಳಿ. ವರ್ಷಕ್ಕೆ 40 ಲಕ್ಷ ರೂಪಾಯಿಯೊಳಗೆ ವಹಿವಾಟು ಇರುವ ಅಂಗಡಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಹಾಗಾಗಿ ಉಂಗುರ ಕೈಗೆ ಬಂದ ಮೇಲೆ ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ ಶುದ್ಧತೆ ನೋಡಿಸಿಕೊಳ್ಳಬಹುದು. ನಿಶ್ಚಯಕ್ಕೆ ಕನಿಷ್ಠ ಮೂರು ವಾರ ಮೊದಲೇ ಬಂಗಾರ ಕೊಟ್ಟಿರಿ, ಅಳತೆ ತಪ್ಪಿದರೆ ತಿದ್ದಲು ಅಷ್ಟಾದರೂ ಸಮಯ ಬೇಕು.

ಎರಡನೇ ಭೇಟಿಗೆ ಎರಡೂ ಕಡೆಯ ಹಿರಿಯರನ್ನು ಕರೆದೊಯ್ಯಿರಿ. ಆರಿಸಿಟ್ಟ ಎರಡು ಮೂರು ಉಂಗುರ ಅವರ ಮುಂದಿಡಿ, ಕೊನೆಯದನ್ನು ಅವರೇ ಹೇಳಲಿ. ದುಡ್ಡು ಅವರು ಕೊಡುವಾಗ ತೂಕ, ಎಚ್‌ಯುಐಡಿ, ನಿವ್ವಳ ಬಂಗಾರ, ಮಜೂರಿ ಬಿಲ್ಲಿನಲ್ಲಿ ಬೇರೆ ಬೇರೆ ಸಾಲಿನಲ್ಲಿವೆಯೇ ಎಂದು ನೀವು ನೋಡಿ. ಎರಡು ಲಕ್ಷ ರೂಪಾಯಿ ಮೀರಿದ ಖರೀದಿಗೆ ಪ್ಯಾನ್ ಬೇಕು, ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ಅಂಗಡಿಯವರು ನಗದಾಗಿ ತೆಗೆದುಕೊಳ್ಳುವಂತಿಲ್ಲ. ಪ್ರತಿ ಉಂಗುರಕ್ಕೂ ಬೇರೆ ಬಿಲ್ಲು ಮಾಡಿಸಿ, ಅದನ್ನು ಧರಿಸುವವರ ಹೆಸರಿನಲ್ಲೇ ಬರೆಸಿ, ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ.