ಪುಟದಲ್ಲಿ ಬೀಳುವ ತೂತು ಕನ್ನಡದ ತಪ್ಪಲ್ಲ

ನನ್ನ ಪುಸ್ತಕವನ್ನು ನಾನೇ ಪ್ರಕಟಿಸಲು ಹೊರಟಾಗ ಡಿಟಿಪಿ ಅಂಗಡಿಯಿಂದ ಬಂದ ಮೊದಲ ಕರಡು ಇನ್ನೂ ನನ್ನ ಹತ್ತಿರ ಇದೆ. ಅದರ 37ನೇ ಪುಟದ ಒಂದು ಸಾಲಿನಲ್ಲಿ ಮೂರೇ ಪದ. ಪದ ಪದದ ನಡುವೆ ಬೆರಳು ಇಡುವಷ್ಟು ಜಾಗ. ಅದರ ಕೆಳಗಿನ ಸಾಲಿನಲ್ಲಿ ಪದಗಳು ಒತ್ತೊತ್ತಾಗಿ ಕೂತಿವೆ. ಆಮೇಲೆ ಮತ್ತೆ ತೂತು. ಕೇಳಿದರೆ, "ಕನ್ನಡದ ಪದ ಉದ್ದ ಅಲ್ವಾ ಸರ್, ಎರಡೂ ಕಡೆ ಅಂಚು ಸಮ ಮಾಡಿದ್ರೆ ಹಿಂಗೇ ಆಗೋದು" ಅಂದರು. ಇದೇ ಮಾತನ್ನು ಆಮೇಲೆ ಎಷ್ಟೋ ಕಡೆ ಕೇಳಿದ್ದೇನೆ. ಲೇಖಕರೂ ನಂಬಿಬಿಟ್ಟಿದ್ದಾರೆ. ನನಗೆ ಬೇಜಾರಾಗುವುದು ಇಲ್ಲೇ.

ಪದ ಉದ್ದ ಅನ್ನುವುದು ನಿಜ. 'ಹೋಗಬೇಕಾಗಿರುವುದರಿಂದ' ಅಂದರೆ ಒಂದೇ ಪದದಲ್ಲಿ ಹತ್ತು ಅಕ್ಷರ. ಹೀಗಾಗಿ ಸಾಲಿಗೆ ಪದ ಕಡಿಮೆ, ಪದಗಳ ನಡುವೆ ಬರುವ ಜಾಗಗಳ ಸಂಖ್ಯೆಯೂ ಕಡಿಮೆ. ಮಿಕ್ಕ ಜಾಗವನ್ನು ಎರಡು ಮೂರು ಕಡೆಯೇ ಹಂಚಬೇಕು. ತೂತು ದೊಡ್ಡದಾಗಿ ಕಾಣುತ್ತದೆ. ಆದರೆ ಎಷ್ಟು ಜಾಗ ಮಿಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಕನ್ನಡ ಅಲ್ಲ, ಸಾಲು ಎಲ್ಲಿ ಮುರಿಯಬೇಕು ಅಂತ ಲೆಕ್ಕ ಹಾಕುವ ತಂತ್ರಾಂಶ. ಆ ಲೆಕ್ಕ ನಾನು ಕಂಡ ಚೆಂದದ ಲೆಕ್ಕಗಳಲ್ಲಿ ಒಂದು.

ಒಂದು ಪುಟ್ಟ ವಾಕ್ಯ ತೆಗೆದುಕೊಳ್ಳೋಣ: ಗೆಳತಿ ಬಿಸಿ ರೊಟ್ಟಿ ತಂದುಕೊಟ್ಟಳು. ಅಕ್ಷರ ಎಣಿಸಿ: 3, 2, 2, 5. ನಮ್ಮ ಸಾಲಿನಲ್ಲಿ ಆರು ಅಕ್ಷರ ಹಿಡಿಯುತ್ತದೆ, ಪದಗಳ ನಡುವಿನ ಜಾಗಕ್ಕೂ ಒಂದು ಮನೆ ಅಂದುಕೊಳ್ಳಿ. ವರ್ಡ್, ಪೇಜ್‌ಮೇಕರ್ ಥರದ ತಂತ್ರಾಂಶಗಳು ಸಾಲಿಗೆ ಎಷ್ಟು ಹಿಡಿಯುತ್ತದೋ ಅಷ್ಟನ್ನು ತುಂಬಿ ಮುಂದೆ ಹೋಗುತ್ತವೆ. 'ಗೆಳತಿ ಬಿಸಿ' ಅಂದಾಗ ಮೊದಲ ಸಾಲು ಸರಿಯಾಗಿ ತುಂಬಿತು, ಮಿಕ್ಕಿದ್ದು ಸೊನ್ನೆ. ಎರಡನೇ ಸಾಲಿಗೆ 'ರೊಟ್ಟಿ' ಒಂದೇ. 'ತಂದುಕೊಟ್ಟಳು' ಹಿಡಿಯುವುದಿಲ್ಲ, ಆದ್ದರಿಂದ ನಾಲ್ಕು ಮನೆ ಖಾಲಿ. ಸಂಬಳ ಬಂದ ಮೊದಲ ವಾರವೇ ಎಲ್ಲ ಖರ್ಚು ಮಾಡಿ ತಿಂಗಳ ಕೊನೆಗೆ ಪರದಾಡುವ ಹಾಗೆ.

ಈಗ ಬೇರೆ ಥರ ಮಾಡೋಣ. ಮೊದಲ ಸಾಲಿಗೆ 'ಗೆಳತಿ' ಮಾತ್ರ, ಮೂರು ಮನೆ ಖಾಲಿ. ಎರಡನೆಯದಕ್ಕೆ 'ಬಿಸಿ ರೊಟ್ಟಿ', ಒಂದು ಮನೆ ಖಾಲಿ. ಕೊನೆಯ ಸಾಲು ಎರಡರಲ್ಲೂ ಒಂದೇ, ಅದನ್ನು ಬಿಡಿ. ಮೊದಲ ವಿಧಾನದಲ್ಲಿ 0 ಮತ್ತು 4, ಎರಡನೆಯದರಲ್ಲಿ 3 ಮತ್ತು 1. ಕೂಡಿದರೆ ಎರಡೂ ನಾಲ್ಕೇ! ಹಾಗಾದರೆ ಯಾವುದು ಮೇಲು? ಕಣ್ಣಿಗೆ ಚುಚ್ಚುವುದು ದೊಡ್ಡ ತೂತು. ಅದಕ್ಕೇ ಖಾಲಿ ಮನೆಗಳನ್ನು ಸುಮ್ನೆ ಕೂಡಬಾರದು, ವರ್ಗ ಮಾಡಿ ಕೂಡಬೇಕು. ಮೊದಲನೆಯದಕ್ಕೆ 16, ಎರಡನೆಯದಕ್ಕೆ 10. ಗೆದ್ದದ್ದು ಎರಡನೆಯದು. ಪ್ಯಾರಾ ಅನ್ನುವುದು ಬಿಡಿ ಸಾಲುಗಳ ಗುಂಪಲ್ಲ, ಇಡೀ ಪ್ಯಾರಾ ಸೇರಿ ಒಂದೇ ಲೆಕ್ಕ.

ಇದನ್ನು ಪುಸ್ತಕದ ಕೆಲಸಕ್ಕೆ ಗಟ್ಟಿಯಾಗಿ ಕಟ್ಟಿಕೊಟ್ಟವರು ಅಮೆರಿಕದ ಡೊನಾಲ್ಡ್ ಕ್ನೂತ್ ಮತ್ತು ಮೈಕೆಲ್ ಪ್ಲಾಸ್, 1981ರಲ್ಲಿ. ಕ್ನೂತ್ ಕಂಪ್ಯೂಟರ್ ವಿಜ್ಞಾನಿ. 1977ರಲ್ಲಿ ತಮ್ಮ ಪುಸ್ತಕವೊಂದರ ಹೊಸ ಆವೃತ್ತಿಯ ಕರಡು ನೋಡಿದರು. ಹಿಂದಿನ ಆವೃತ್ತಿ ಸೀಸದ ಮೊಳೆಯಲ್ಲಿ ಆಗಿತ್ತು, ಇದು ಫೋಟೊ ವಿಧಾನದಲ್ಲಿ ಮಾಡಿದ್ದು. ನೋಡಿ ತುಂಬ ನಿರಾಸೆಯಾಯಿತು. ಪುಟ ಜೋಡಿಸುವ ತಂತ್ರಾಂಶವನ್ನು ತಾವೇ ಬರೆಯಲು ಕೂತರು. ಬೇಗ ಮುಗಿಯುತ್ತದೆ ಅಂದುಕೊಂಡದ್ದು ಹತ್ತು ವರ್ಷ ಹಿಡಿಯಿತು. ಅದೇ ಟೆಕ್, ಇವತ್ತಿಗೂ ಉಚಿತ. ಕೆಟ್ಟ ಕರಡು ನೋಡಿ ಹೊಟ್ಟೆ ಉರಿದ ಲೇಖಕರಿಂದಲೇ ಇದು ಹುಟ್ಟಿತು ಅನ್ನುವುದು ನನಗೆ ದೊಡ್ಡ ಸಮಾಧಾನ. ಟೆಕ್ ಬರೀ ವರ್ಗಕ್ಕೆ ನಿಲ್ಲುವುದಿಲ್ಲ, ಮೊದಲು ಘನ ತೆಗೆದುಕೊಂಡು ಆಮೇಲೆ ವರ್ಗ ಮಾಡುತ್ತದೆ, ದೊಡ್ಡ ತೂತಿಗೆ ಇನ್ನೂ ಜಾಸ್ತಿ ದಂಡ.

ಆದರೆ ಒಂದು ತೊಡಕಿದೆ. ಪ್ಯಾರಾದಲ್ಲಿ 100 ಕಡೆ ಮುರಿಯುವ ಅವಕಾಶ ಇದ್ದರೆ, ಮುರಿಯುವುದೋ ಬಿಡುವುದೋ ಅಂತ ಎಣಿಸುತ್ತಾ ಹೋದರೆ ಸಿಗುವ ಜೋಡಣೆಗಳು 1ರ ಮುಂದೆ 30 ಸೊನ್ನೆ ಹಾಕಿದಷ್ಟು. ಎಲ್ಲವನ್ನೂ ಯಾವ ಕಂಪ್ಯೂಟರೂ ನೋಡಲಾರದು. ಬೆಂಗಳೂರಿಂದ ಮಂಗಳೂರಿಗೆ ಹೊರಟಿದ್ದೀರಿ ಅಂದುಕೊಳ್ಳಿ. ಹಾಸನಕ್ಕೆ ಕುಣಿಗಲ್ ಮೇಲೆ ಹೋಗಬಹುದು, ತುಮಕೂರು ತಿಪಟೂರು ಮೇಲೂ ಹೋಗಬಹುದು. ಯಾವುದು ಬೇಗ ಅಂತ ಒಮ್ಮೆ ಗೊತ್ತಾದರೆ ಸಾಕು. ಹಾಸನದಿಂದ ಮುಂದೆ ಶಿರಾಡಿ ಘಾಟಿ ಹಿಡಿದರೂ ಚಾರ್ಮಾಡಿ ಹಿಡಿದರೂ ಹಾಸನದವರೆಗಿನ ಒಳ್ಳೆಯ ದಾರಿ ಬದಲಾಗುವುದಿಲ್ಲ. ಇನ್ನೊಂದನ್ನು ಮರೆತುಬಿಡಬಹುದು. ತಂತ್ರಾಂಶವೂ ಹಾಗೇ. ಮುರಿಯಬಹುದಾದ ಪ್ರತಿ ಜಾಗಕ್ಕೂ 'ಇಲ್ಲಿಗೆ ಬರಲು ಅತಿ ಕಡಿಮೆ ದಂಡದ ದಾರಿ ಇದು' ಅಂತ ಒಂದು ಚೀಟಿ ಬರೆದಿಟ್ಟುಕೊಳ್ಳುತ್ತದೆ. ಕೊನೆ ಮುಟ್ಟಿದ ಮೇಲೆ ಚೀಟಿ ಹಿಡಿದು ವಾಪಸ್ ಬರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಮುರಿಯುವ ಜಾಗ ಜಾಸ್ತಿ ಇದ್ದಷ್ಟೂ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ಇಲ್ಲಿ ಕನ್ನಡಕ್ಕೆ ನಿಜಕ್ಕೂ ಅದೃಷ್ಟ ಇದೆ. ಇಂಗ್ಲಿಷಿನಲ್ಲಿ ಪದವನ್ನು ಎಲ್ಲಿ ಒಡೆಯಬೇಕು ಅನ್ನುವುದು ಕಾಗುಣಿತ ನೋಡಿದರೆ ತಿಳಿಯುವುದಿಲ್ಲ. ಕ್ನೂತ್ ಅವರ ಶಿಷ್ಯ ಫ್ರಾಂಕ್ಲಿನ್ ಲಿಯಾಂಗ್ ನಿಘಂಟನ್ನು ಜಾಲಾಡಿ 4,447 ನಮೂನೆಗಳನ್ನು ಹೆಕ್ಕಬೇಕಾಯಿತು. ಕನ್ನಡದಲ್ಲಿ ಲಿಪಿಯೇ ಹೇಳಿಬಿಡುತ್ತದೆ: ಅಕ್ಷರದ ಮುಂದೆ ಒಡಿ, ಒತ್ತನ್ನು ಮಾತ್ರ ಬಿಡಿಸಬೇಡ. ತಂ-ದು-ಕೊ-ಟ್ಟ-ಳು. ಕ-ರ್ನಾ-ಟ-ಕ. ಸಂತೋಷ್ ತೊಟ್ಟಿಂಗಲ್ ಭಾರತೀಯ ಭಾಷೆಗಳಿಗೆ ಇಂಥ ನಿಯಮಗಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಕನ್ನಡದ ಕಡತ ತೀರಾ ಚಿಕ್ಕದು. ಮೊಳೆ ಜೋಡಿಸುತ್ತಿದ್ದವರೂ ಪದ ಒಡೆಯಲು ಹಿಂಜರಿಯುತ್ತಿರಲಿಲ್ಲ. ಹಳೆಯ ಅಚ್ಚಿನ ಪುಸ್ತಕ ಇದ್ದರೆ ಸಾಲಿನ ಬಲತುದಿಯಲ್ಲಿ ಕಣ್ಣಾಡಿಸಿ. 1894ರಲ್ಲಿ ಕಿಟ್ಟೆಲ್ ನಿಘಂಟನ್ನು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ ತಂದದ್ದು ಇಂಥ ಮೊಳೆಗಳಿಂದಲೇ.

ಇಷ್ಟೆಲ್ಲ ಆಗಬೇಕಾದರೆ ಪಠ್ಯ, ಅಕ್ಷರಗಳಿಗೆ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಇರಬೇಕು. 'ಪುಸ್ತಕಕ್ಕೆ ಯೂನಿಕೋಡ್ ಆಗಲ್ಲ' ಅನ್ನುವುದು ಪೇಜ್‌ಮೇಕರ್ ಕಾಲದ ಮಾತು. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಹಳೆಯ ಫಾಂಟುಗಳಲ್ಲಿ ಕಡತದಲ್ಲಿ ಉಳಿಯುವುದು ಅಕ್ಷರ ಅಲ್ಲ, ಅಕ್ಷರದ ಚೂರುಗಳು. ಎಲ್ಲಿ ಒಡೆಯಬೇಕು ಅಂತ ತಂತ್ರಾಂಶಕ್ಕೆ ಹೇಗೆ ಗೊತ್ತಾಗಬೇಕು? ಇನ್ನೊಂದು ಅಭ್ಯಾಸ ದಯವಿಟ್ಟು ಬಿಡಿ: ಅರ್ಕಾವತ್ತಿನ ಬದಲು ಒಂಬತ್ತರ ಅಂಕಿ ಹಾಕಿ 'ಕನಾ೯ಟಕ' ಅಂತ ಒತ್ತುವುದು. ಕಣ್ಣಿಗೆ ಒಂದೇ ಥರ ಕಂಡರೂ ಕಂಪ್ಯೂಟರಿಗೆ ಅದು ಪದದ ನಡುವೆ ಸಿಕ್ಕಿಕೊಂಡ ಅಂಕಿ.

ಇನ್‌ಡಿಸೈನ್ ಅನ್ನುವ ಪುಟ ಜೋಡಿಸುವ ತಂತ್ರಾಂಶ ಬಳಸುವವರಿಗೆ: 2012ರ ಸಿಎಸ್6 ಆವೃತ್ತಿಯಿಂದ ಕನ್ನಡಕ್ಕೆ ಬೆಂಬಲ ಇದೆ. ಕಂಪೋಸರ್ ಪಟ್ಟಿಯಲ್ಲಿ 'ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿ, ಇಡೀ ಪ್ಯಾರಾದ ಲೆಕ್ಕ ಹಾಕುವುದು ಅದೇ, ಸಿಂಗಲ್-ಲೈನ್ ಅಲ್ಲ. ಭಾಷೆ ಕನ್ನಡ ಅಂತ ಇರಲಿ, ಪದ ಒಡೆಯುವ ಹೈಫನೇಶನ್ ಆನ್ ಇರಲಿ. ಅಕ್ಷರಗಳ ನಡುವಿನ ಜಾಗವನ್ನು ಹಿಗ್ಗಿಸಬೇಡಿ, ಸೊನ್ನೆಯಲ್ಲೇ ಬಿಡಿ. ದುಡ್ಡು ಕೊಡಲಾಗದಿದ್ದರೆ ಯೂನಿಕೋಡ್ ಬಲ್ಲ ಟೆಕ್ ಆದ ಝೀಟೆಕ್ ಇದೆ, ಕಲಿಯಲು ತಾಳ್ಮೆ ಬೇಕು. ನಾನು ಡೆಮಿ 1/8 ಪುಟಕ್ಕೆ 11 ಪಾಯಿಂಟ್ ಅಕ್ಷರ, 16 ಪಾಯಿಂಟ್ ಸಾಲಿನ ಅಂತರ ಇಟ್ಟೆ. ಅದಕ್ಕಿಂತ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುವ ಹಾಗಿತ್ತು.

ಹೀಗೆ ಎಲ್ಲ ಹೊಂದಿಸಿ 37ನೇ ಪುಟ ಮತ್ತೆ ತೆರೆದೆ. ತೂತು ಹೋಗಿತ್ತು, ಒಂದು ಸಾಲು ಮಾತ್ರ ಸ್ವಲ್ಪ ಸಡಿಲ. ಪ್ಯಾರಾದ ಕೊನೆಯ ವಾಕ್ಯದಲ್ಲಿ ಬೇಡದ ಒಂದು 'ಆದ್ದರಿಂದ' ಇತ್ತು, ಅಳಿಸಿದೆ. ಅಳಿಸಿದ್ದು ಎಂಟನೇ ಸಾಲಿನಲ್ಲಿ. ಪರದೆಯ ಮೇಲೆ ಎರಡನೇ ಸಾಲಿನ ತುದಿಯ ಪದ ಮೆಲ್ಲಗೆ ಕೆಳಗಿಳಿದು ಮೂರನೆಯದರಲ್ಲಿ ಕೂತಿತು.